ಹೊಸ ಹಲಗೆ, ಹಳೆಯ ಹಲಗೆ

ನನ್ನ ಮೇಜಿನ ಮೇಲೆ, ಪುಸ್ತಕಗಳ ಸಾಲಿಗೆ ಒರಗಿಸಿದಂತೆ, ಒಂದು ಹಳೆಯ ಟ್ಯಾಬ್ಲೆಟ್ ಇದೆ. ಅದರ ಗಾಜಿನ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಬೆನ್ನಿನ ಅಲ್ಯುಮಿನಿಯಂ ತಗಡು ಕೈ ತಾಗಿ ತಾಗಿ ಮಂಕಾಗಿದೆ. ಮನೆಗೆ ಬಂದವರು ಅದನ್ನು ನೋಡಿ, "ಇದಿನ್ನೂ ನಡೆಯುತ್ತದೆಯೆ?" ಎಂದು ಕೇಳುವುದುಂಟು. ನಡೆಯುತ್ತದೆ, ಆದರೆ ಒಂದೇ ಒಂದು ಕೆಲಸಕ್ಕೆ. ಆ ಕೆಲಸ ಯಾವುದೆಂಬುದನ್ನು ಮುಂದೆ ಹೇಳುತ್ತೇನೆ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಧಾರವಾಡಕ್ಕೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಈಗ ಆಕೆ ಒಂದು ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ಪಾಠ ಹೇಳುವುದರ ಜೊತೆಗೆ ತನ್ನ ಸೀಮೆಯ ಶಾಸನಗಳನ್ನು ಕುರಿತು ಸಂಶೋಧನೆಯನ್ನೂ ನಡೆಸುತ್ತಿದ್ದಾಳೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, ಬಹಳ ಹೊತ್ತಿನಿಂದ ಕೇಳಬೇಕೆಂದಿದ್ದ ಮಾತನ್ನು ಕೇಳುವವಳಂತೆ ಸ್ವಲ್ಪ ಸಂಕೋಚದಿಂದ ಹೇಳಿದಳು:

"ಸರ್, ಒಂದು ಟ್ಯಾಬ್ಲೆಟ್ ಕೊಳ್ಳಬೇಕೆಂದಿದ್ದೇನೆ. ಈಚೆಗೆ ಹೊಸದೊಂದು ಬಂದಿದೆ. ಅದು ಬಂದ ಮೇಲೆ ಹಳೆಯದರ ಬೆಲೆ ಇಳಿದಿದೆ. ಯಾವುದನ್ನು ಕೊಳ್ಳಲೆಂದು ಎರಡು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ."

ಹಳಗನ್ನಡ ಕಲಿಸಿ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಬರಬೇಕೆ ಎಂದು ವಾಚಕರು ನಗಬಹುದು. ನನಗೆ ನಗು ಬರಲಿಲ್ಲ. "ಎರಡು ತಿಂಗಳಿಂದ" ಎಂಬ ಮಾತು ಮಾತ್ರ ಕಿವಿಯಲ್ಲಿ ನಿಂತಿತು. ಇದೇ ಪ್ರಶ್ನೆಯನ್ನು ನಾನು ಒಂದು ಕಾಲದಲ್ಲಿ ಎರಡಲ್ಲ, ಎಂಟು ತಿಂಗಳಿಗೂ ಮೇಲ್ಪಟ್ಟು ಹೊತ್ತು ತಿರುಗಿದವನು. ಅದರ ಕಥೆಯನ್ನು ಆಕೆಗೆ ಹೇಳಿದೆ. ಹೇಳಿದ ಮೇಲೆ, ಇನ್ನೂ ನಾಲ್ಕು ಜನಕ್ಕೆ ತಿಳಿದರೆ ಕೇಡೇನೂ ಇಲ್ಲವೆಂದು ತೋರಿತು.

* * *

೨೦೧೨ನೆಯ ಇಸವಿಯ ಮಾತು. ನನ್ನ ತಂದೆಯವರಿಗೆ ಆಗ ಎಪ್ಪತ್ತೊಂಬತ್ತು ವರ್ಷ. ಗದಗಿನಲ್ಲಿ ಮೂವತ್ತು ವರ್ಷ ಕನ್ನಡ ಪಂಡಿತರಾಗಿದ್ದು, ನಿವೃತ್ತಿಯ ಬಳಿಕ ನಮ್ಮೊಂದಿಗೆ ಧಾರವಾಡದಲ್ಲಿ ಇದ್ದರು. ಗದಗಿನಲ್ಲಿ ಕನ್ನಡ ಹೇಳಿದವರಿಗೆ ಕುಮಾರವ್ಯಾಸನು ಬರಿಯ ಕವಿಯಲ್ಲ, ನೆರೆಮನೆಯವನು. ವೀರನಾರಾಯಣನ ಗುಡಿಯ ಕಂಬವೊಂದಕ್ಕೆ ಒರಗಿ ಅವನು ಭಾರತವನ್ನು ರಚಿಸಿದನೆಂಬ ಪ್ರತೀತಿ ಆ ಊರಿನಲ್ಲಿದೆ. ತಂದೆಯವರು ಆ ಕಂಬದ ಪಕ್ಕದಲ್ಲಿ ಕುಳಿತು ಎಷ್ಟೋ ಸಂಜೆಗಳನ್ನು ಕಳೆದವರು. ಪಾಠಕ್ಕೆಂದು ಅಲ್ಲೊಂದು ಸಂಧಿ ಇಲ್ಲೊಂದು ಸಂಧಿ ಎಂದು ಜೀವಮಾನವೆಲ್ಲ ಓದಿದ್ದ ಆ ಗ್ರಂಥವನ್ನು, ಆದಿಪರ್ವದಿಂದ ಗದಾಪರ್ವದವರೆಗೆ, ಹತ್ತು ಪರ್ವಗಳನ್ನೂ ಒಂದೇ ಓಟದಲ್ಲಿ ಓದಬೇಕೆಂಬುದು ಅವರ ಇಳಿವಯಸ್ಸಿನ ಆಸೆ. ಸುಮಾರು ನೂರೈವತ್ತು ಸಂಧಿಗಳು. ಎಂಟು ಸಾವಿರಕ್ಕೂ ಮಿಕ್ಕ ಷಟ್ಪದಿಗಳು. ದಿನಕ್ಕೊಂದು ಸಂಧಿಯಂತೆ ಓದಿದರೆ ಐದು ತಿಂಗಳ ಕೆಲಸ.

ಆದರೆ ಅಷ್ಟು ಹೊತ್ತಿಗೆ ಅವರ ಕಣ್ಣುಗಳು ಸೋಲತೊಡಗಿದ್ದುವು. ಪೊರೆಯ ಶಸ್ತ್ರಚಿಕಿತ್ಸೆ ಹಿಂದೆಯೇ ಆಗಿತ್ತು. ಇದು ಪೊರೆಯಲ್ಲ. ಅಕ್ಷಿಪಟಲದ ನಟ್ಟನಡುವೆ, ನಾವು ಓದಲು ಬಳಸುವ ಒಂದು ಪುಟ್ಟ ಎಡೆಯಿದೆ. ವಯಸ್ಸಾದಂತೆ ಕೆಲವರಲ್ಲಿ ಆ ಎಡೆ ಸವೆಯುತ್ತದೆ. ಸುತ್ತಲಿನದೆಲ್ಲ ಕಾಣುತ್ತದೆ, ದಿಟ್ಟಿಸಿದ್ದು ಮಾತ್ರ ಕಾಣುವುದಿಲ್ಲ. ಬಾಗಿಲಲ್ಲಿ ನಿಂತವರ ಧೋತರದ ಅಂಚು ಕಂಡೀತು, ಮುಖ ಕಾಣದು. ಇದರಲ್ಲಿ ಎರಡು ಬಗೆ. ಒಣ ಬಗೆಯದು ವರ್ಷಗಟ್ಟಲೆ ಮೆಲ್ಲಮೆಲ್ಲನೆ ನಡೆಯುತ್ತದೆ. ಇನ್ನೊಂದರಲ್ಲಿ ಪಟಲದ ಕೆಳಗೆ ದುರ್ಬಲವಾದ ಹೊಸ ರಕ್ತನಾಳಗಳು ಹುಟ್ಟಿ, ಒಡೆದು ಸೋರಿ, ಕೆಲವು ದಿನಗಳಲ್ಲೇ ದೃಷ್ಟಿಯನ್ನು ಕೆಡಿಸಿಬಿಡಬಹುದು. ತಂದೆಯವರದು ಆಗ ಒಣ ಬಗೆಯದೇ ಆಗಿತ್ತು. ಬಲಗಣ್ಣು ಹೆಚ್ಚು ಸವೆದಿತ್ತು, ಎಡಗಣ್ಣೇ ಆಧಾರ.

ಕಣ್ಣಿನ ವೈದ್ಯರು ಒಂದು ಉಪಾಯ ಹೇಳಿದರು: "ಅಕ್ಷರ ದೊಡ್ಡದಾಗಬೇಕು, ಹಿಂದಿನಿಂದ ಬೆಳಕು ಬರಬೇಕು. ಕಂಪ್ಯೂಟರಿನ ಪರದೆಯಾದರೆ ಕೂತು ಓದಲು ಇವರ ಬೆನ್ನು ತಾಳದು. ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ ಬಂದಿವೆಯಲ್ಲ, ಅಂಥದೊಂದನ್ನು ತಂದುಕೊಡಿ."

ನಾನು ಉತ್ಸಾಹದಿಂದಲೇ ಹೊರಟೆ. ಮನೆಯಲ್ಲಿದ್ದ ಕುಮಾರವ್ಯಾಸ ಭಾರತದ ದಪ್ಪ ಸಂಪುಟವನ್ನು ಕಾಲೇಜಿಗೆ ಒಯ್ದು, ಒಬ್ಬ ವಿದ್ಯಾರ್ಥಿಯ ನೆರವಿನಿಂದ ಪುಟಪುಟವನ್ನೂ ಸ್ಕ್ಯಾನ್ ಮಾಡಿದೆ. ಹತ್ತು ಸಂಜೆ ಹಿಡಿಯಿತು. ಫೆಬ್ರವರಿಯ ಕೊನೆಯ ವಾರದ ಹೊತ್ತಿಗೆ ಇಡೀ ಭಾರತ ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕುಳಿತಿತ್ತು. ಬೇಕಾಗಿದ್ದುದು ಒಂದು ಹಲಗೆ ಮಾತ್ರ.

* * *

ಆಗ ಅಂಗಡಿಗಳಲ್ಲಿದ್ದುದು ಆಪಲ್ ಕಂಪೆನಿಯ ಎರಡನೆಯ ಐಪ್ಯಾಡ್. ಮೊದಲನೆಯದನ್ನು ಸ್ಟೀವ್ ಜಾಬ್ಸ್ ೨೦೧೦ರ ಜನವರಿ ೨೭ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೋಕಕ್ಕೆ ತೋರಿಸಿದ್ದ. ಮರುವರ್ಷದ ಮಾರ್ಚಿಯಲ್ಲಿ ಎರಡನೆಯದು ಬಂತು. ಮೊದಲನೆಯದಕ್ಕಿಂತ ತೆಳು, ಹಗುರ. ತೂಕ ೬೦೧ ಗ್ರಾಂ.

ನಮ್ಮ ದೇಶದ್ದೇ ಆದ ಇನ್ನೊಂದು ಹಲಗೆಯ ಮಾತೂ ಆಗ ಎಲ್ಲೆಲ್ಲಿಯೂ ಇತ್ತು. ೨೦೧೧ರ ಅಕ್ಟೋಬರ್ ೫ರಂದು ದೆಹಲಿಯಲ್ಲಿ "ಆಕಾಶ್" ಬಿಡುಗಡೆಯಾಗಿತ್ತು. ಸರ್ಕಾರಕ್ಕೆ ಅದು ಬಿದ್ದ ಬೆಲೆ ಸುಮಾರು ೨,೨೭೬ ರೂಪಾಯಿ. ಸ್ಟೀವ್ ಜಾಬ್ಸ್ ತೀರಿಕೊಂಡದ್ದೂ ಅದೇ ಅಕ್ಟೋಬರ್ ೫ರಂದೇ ಎಂಬುದು ಕಾಲದ ಒಂದು ವಿಚಿತ್ರ ಹೊಂದಾಣಿಕೆ. ಬಡ ವಿದ್ಯಾರ್ಥಿಯ ಕೈಗೂ ಒಂದು ಹಲಗೆ ಬರಬೇಕೆಂಬ ಆ ಸಂಕಲ್ಪ ದೊಡ್ಡದು. ಆದರೆ ಅದರ ಪರದೆ ಏಳು ಅಂಗುಲದ್ದು. ಬೆರಳು ಸೋಕಿದರೆ ಸಾಲದು, ಒತ್ತಬೇಕು. ಎರಡು ಬೆರಳನ್ನು ಅಗಲಿಸಿ ಅಕ್ಷರವನ್ನು ಹಿಗ್ಗಿಸುವ ಸೌಕರ್ಯ ಆ ಬಗೆಯ ಪರದೆಗೆ ಒಗ್ಗದು. ನಡುಗುವ ಕೈಗೆ ಅದು ಆಗದೆಂದು ಬಿಟ್ಟೆ. ಆ ತೀರ್ಮಾನ ಸರಿಯಾದದ್ದೇ. ಎಡವಿದ್ದು ಅದರಾಚೆಗೆ.

ಹಣ ಹೊಂದಿಸಿಕೊಂಡು ಹುಬ್ಬಳ್ಳಿಗೆ ಹೊರಡಬೇಕೆಂದಿದ್ದ ದಿನ ಕಾಲೇಜಿನ ಸಹೋದ್ಯೋಗಿಯೊಬ್ಬರು ತಡೆದರು. "ಇನ್ನೊಂದು ವಾರದಲ್ಲಿ ಮೂರನೆಯದು ಬರುತ್ತದಂತೆ. ಈಗ ಕೊಂಡರೆ ಪಶ್ಚಾತ್ತಾಪ ಪಡುತ್ತೀರಿ." ಹಿತವಚನವೇ. ನಾನು ನಿಂತೆ. ಅವರಂದಂತೆಯೇ ಮಾರ್ಚ್ ೭ರಂದು ಮೂರನೆಯದರ ಘೋಷಣೆಯಾಯಿತು. ಅಮೆರಿಕದಲ್ಲಿ ಅದರ ಬೆಲೆ ೪೯೯ ಡಾಲರಿನಿಂದ ಮೊದಲು. ಎರಡನೆಯದು ೩೯೯ಕ್ಕೆ ಇಳಿಯಿತು. ಹೊಸದು ಹಳೆಯದನ್ನು ಅಳಿಸಲಿಲ್ಲ. ಎರಡೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ನಿಂತುವು. ನನ್ನಂಥವನ ಕಷ್ಟಕ್ಕೆ ಮೂಲ ಇದೇ. ಒಂದೇ ಇದ್ದರೆ ಕೊಳ್ಳುತ್ತೇವೆ, ಇಲ್ಲವೆ ಬಿಡುತ್ತೇವೆ. ಎರಡಿದ್ದರೆ ವಿಚಾರ ಮಾಡುತ್ತೇವೆ.

ಹೊಸದರ ಹಿರಿಮೆ ಅದರ ಪರದೆ. ಹಳೆಯದರ ಪರದೆಯಲ್ಲಿ ಅಡ್ಡಲಾಗಿ ೧೦೨೪, ಉದ್ದಕ್ಕೆ ೭೬೮ ಚುಕ್ಕೆಗಳಿದ್ದರೆ ಹೊಸದರಲ್ಲಿ ೨೦೪೮ ಮತ್ತು ೧೫೩೬. ಎಂದರೆ ಅಷ್ಟೇ ಜಾಗದಲ್ಲಿ ನಾಲ್ಕು ಪಟ್ಟು. ಅಂಗುಲಕ್ಕೆ ೧೩೨ ಚುಕ್ಕೆ ಇದ್ದದ್ದು ೨೬೪ ಆಯಿತು. ಕನ್ನಡ ಓದುವವನಿಗೆ ಇದು ಸಣ್ಣ ಮಾತಲ್ಲ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕಕ್ಕೊಂದು ನಡೆದುಹೋಗುತ್ತವೆ. ನಮ್ಮವು ಒಂದರ ಕೆಳಗೊಂದು ಇಳಿಯುತ್ತವೆ. "ರಾಷ್ಟ್ರ" ಎಂದು ಬರೆದರೆ ಷಕಾರದ ಕೆಳಗೆ ಟಕಾರ, ಅದರ ಪಕ್ಕಕ್ಕೆ ರಕಾರ. ಹತ್ತು ಪಾಯಿಂಟಿನ ಅಕ್ಷರಕ್ಕೆ ಹಳೆಯ ಪರದೆಯಲ್ಲಿ ಹದಿನೆಂಟು ಚುಕ್ಕೆಗಳ ಎತ್ತರ ದೊರೆತರೆ, ಅದರಲ್ಲಿ ಒತ್ತಕ್ಷರದ ಪಾಲಿಗೆ ಬರುವುದು ಐದಾರು. ಹೊಸದರಲ್ಲಿ ಅದರ ಎರಡರಷ್ಟು. ಐದಾರು ಚುಕ್ಕೆಗಳಲ್ಲಿ ಒತ್ತಕ್ಷರ ಗುರುತು ಸಿಕ್ಕೀತು. ಹನ್ನೆರಡರಲ್ಲಿ ಅದಕ್ಕೆ ರೂಪ ಬರುತ್ತದೆ.

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಹಾಕಿ, ಎರಡು ಬಾರಿ ಸರಿನೋಡಿ, ಸಹೋದ್ಯೋಗಿಗಳಿಗೆ ತೋರಿಸಿ ಮೆಚ್ಚಿಸಿಕೊಂಡೆ. ಲೆಕ್ಕ ತಪ್ಪಾಗಿರಲಿಲ್ಲ. ಯಾರ ಕಣ್ಣಿಗೆ ಎಂಬುದೊಂದು ತಪ್ಪಾಗಿತ್ತು. ಅದು ಆಗ ಹೊಳೆಯಲಿಲ್ಲ.

* * *

ನಮ್ಮ ದೇಶಕ್ಕೆ ಹೊಸದು ಬಂದದ್ದು ಏಪ್ರಿಲ್ ೨೭ರಂದು. ನಂದನ ಸಂವತ್ಸರದ ಯುಗಾದಿಗೆ ತಂದುಕೊಡಬೇಕೆಂದಿದ್ದ ಮಾತು ಅದಾಗಲೇ ಮೀರಿತ್ತು. ಆದರೂ ಬಂತಲ್ಲ, ಕೊಳ್ಳಬಹುದಿತ್ತು. ಅಷ್ಟರಲ್ಲಿ ಹೊಸದರ ದೋಷಗಳೂ ಓದಿಗೆ ಸಿಕ್ಕುವು. ನಾಲ್ಕು ಪಟ್ಟು ಚುಕ್ಕೆಗಳನ್ನು ಬೆಳಗಲು ಶಕ್ತಿ ಬೇಕು. ಹಾಗಾಗಿ ಬ್ಯಾಟರಿ ೨೫ ವ್ಯಾಟ್-ಗಂಟೆಯಿಂದ ೪೨.೫ಕ್ಕೆ ಏರಿತ್ತು. ಬ್ಯಾಟರಿ ಬೆಳೆದದ್ದರಿಂದ ಮೈ ದಪ್ಪವಾಯಿತು, ತೂಕ ೬೫೨ ಗ್ರಾಮಿಗೆ ಹೋಯಿತು, ತುಂಬಿಸುವ ಹೊತ್ತೂ ಹೆಚ್ಚಿತು. ಅಮೆರಿಕದ ಗ್ರಾಹಕ ಪತ್ರಿಕೆ "ಕನ್ಸ್ಯೂಮರ್ ರಿಪೋರ್ಟ್ಸ್" ಅದರಲ್ಲಿ ಆಟವಾಡಿಸಿ ಅಳೆದಾಗ ಬೆನ್ನಿನ ಬಿಸಿ ೧೧೬ ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದು ಬರೆದಿತ್ತು. ಆಟವಾಡುವವರ ಪಾಲಿನ ಬಿಸಿ ಅದು. ಷಟ್ಪದಿ ಓದುವವರಿಗೆ ಏನೂ ಅಲ್ಲ. ಆದರೆ ನಿರ್ಧಾರವನ್ನು ಮುಂದೂಡಬೇಕೆಂದಿರುವ ಮನಸ್ಸಿಗೆ ಯಾವ ಕಾರಣವಾದರೂ ಕಾರಣವೇ.

ಐವತ್ತೊಂದು ಗ್ರಾಂ ಎಂದರೆ ಎಷ್ಟು ಎಂದು ಅಡಿಗೆಮನೆಯ ತಕ್ಕಡಿಯಲ್ಲಿ ತೊಗರಿಬೇಳೆಯನ್ನು ತೂಗಿ ನೋಡಿದೆ. ಒಂದು ಹಿಡಿಗಿಂತ ಸ್ವಲ್ಪ ಹೆಚ್ಚು. ಆ ಬೇಳೆಯನ್ನು ಕೈಯಲ್ಲಿ ಹಿಡಿದು ಐದು ನಿಮಿಷ ನಿಂತದ್ದು ನೆನಪಿದೆ. ಮನೆಯವರು ನೋಡಿ ಏನೂ ಹೇಳದೆ ಒಳಗೆ ಹೋದರು.

ಮೇ ತಿಂಗಳು ಮೌಲ್ಯಮಾಪನದಲ್ಲಿ ಕಳೆಯಿತು. ಜೂನಿನಲ್ಲಿ ಒಂದು ಮದುವೆ. ಜುಲೈ ಹೊತ್ತಿಗೆ ಹೊಸ ಸುದ್ದಿ: ಅದೇ ಕಂಪೆನಿ ಚಿಕ್ಕದೊಂದನ್ನು ತರುತ್ತದಂತೆ, ತೂಕ ಅರ್ಧಕ್ಕೂ ಕಡಮೆಯಂತೆ. "ಚಿಕ್ಕದಾದರೆ ಕೈಗೆ ಹಗುರವಲ್ಲವೆ?" ಎಂದುಕೊಂಡೆ. ಮತ್ತೆ ತಡೆದೆ.

ಈ ನಡುವೆ ತಂದೆಯವರು ಒಮ್ಮೆಯೂ ಒತ್ತಾಯಿಸಲಿಲ್ಲ. ಬೆಳಗ್ಗೆ ಕಿಟಕಿಯ ಬಳಿ ಆರಾಮಕುರ್ಚಿಯಲ್ಲಿ ಕುಳಿತು, ಕೈಯಲ್ಲಿ ಭೂತಗನ್ನಡಿ ಹಿಡಿದು, ಒಂದೊಂದೇ ಶಬ್ದವನ್ನು ಹೆಕ್ಕುತ್ತಿದ್ದರು. ಹತ್ತು ನಿಮಿಷಕ್ಕೆ ಕಣ್ಣು ಸೋಲುತ್ತಿತ್ತು. ನಾನು ಓದಿ ಹೇಳುತ್ತೇನೆಂದರೆ ಬೇಡವೆನ್ನುತ್ತಿದ್ದರು. ಗಮಕವೆಂದರೆ ಪ್ರಾಣ ಬಿಡುವವರೇ, ಆದರೆ, "ಕೇಳುವುದು ಬೇರೆ, ಓದುವುದು ಬೇರೆ. ಕೇಳುವಾಗ ಹೇಳುವವನ ದಾರಿಯಲ್ಲಿ ನಡೆಯಬೇಕು. ಓದುವಾಗ ಬೇಕಾದಲ್ಲಿ ನಿಲ್ಲಬಹುದು" ಎನ್ನುತ್ತಿದ್ದರು. ಒಂದು ದಿನ ಊಟಕ್ಕೆ ಕುಳಿತಾಗ ಮಾತ್ರ ಹೀಗೆಂದರು:

"ಯಾವುದಾದರೂ ಒಂದು ತಾರೋ. ಓದಲಿಕ್ಕೆ ಅಲ್ಲೇನು?"

ನಾನು ಚುಕ್ಕೆಗಳ ಲೆಕ್ಕವನ್ನು ಅವರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಒಳ್ಳೆಯ ಮೇಷ್ಟರು, ತಪ್ಪು ಉತ್ತರವನ್ನೂ ಪೂರ್ತಿ ಕೇಳುವವರು.

ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬದ ಮರುವಾರ, ಅವರು ಬೆಳಗ್ಗೆ ಎದ್ದು, "ಕಿಟಕಿಯ ಸರಳು ಬಾಗಿದಂತೆ ಕಾಣುತ್ತದೆ" ಎಂದರು. ನೆಟ್ಟಗಿರುವ ಗೆರೆ ಡೊಂಕಾಗಿ ಕಂಡರೆ ಅದು ಆ ಎರಡನೆಯ ಬಗೆಯ ಮೊದಲ ಲಕ್ಷಣ ಎಂಬುದನ್ನು ವೈದ್ಯರು ಮೊದಲೇ ಹೇಳಿದ್ದರು. ಅಂದೇ ಕರೆದುಕೊಂಡು ಹೋದೆವು. ಎಡಗಣ್ಣಿನಲ್ಲಿ ರಕ್ತ ಸೋರಿತ್ತು. ಕಣ್ಣಿನೊಳಕ್ಕೇ ಕೊಡುವ ಚುಚ್ಚುಮದ್ದಿನಿಂದ ಸೋರುವುದು ನಿಂತಿತು. ಹೋದ ದೃಷ್ಟಿ ಬಹುಪಾಲು ಹೋಯಿತು.

ಟ್ಯಾಬ್ಲೆಟ್ ಮೊದಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಹಲಗೆಗೂ ಆ ರೋಗಕ್ಕೂ ಸಂಬಂಧವಿಲ್ಲ. ಆದರೆ ಫೆಬ್ರವರಿಯ ಕೊನೆಯಿಂದ ಸೆಪ್ಟೆಂಬರಿನ ಕೊನೆಯವರೆಗೆ ಏಳು ತಿಂಗಳು. ದಿನಕ್ಕೊಂದು ಸಂಧಿಯಂತೆ ಗ್ರಂಥ ಮುಗಿಯಲು ಬೇಕಾಗಿದ್ದದ್ದು ಐದು. ಈ ಕಳೆಯುವ ಲೆಕ್ಕವನ್ನು ನಾನು ಯಾರಿಗೂ ತೋರಿಸಲಿಲ್ಲ.

* * *

ಅಕ್ಟೋಬರ್ ೨೩, ಆಯುಧಪೂಜೆ. ಅಂದು ರಾತ್ರಿ ನಮ್ಮ ಗಡಿಯಾರಕ್ಕೆ ಹತ್ತೂವರೆಯಾಗುವಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಆ ಕಂಪೆನಿಯ ಸಭೆ ನಡೆಯಿತು. ಚಿಕ್ಕ ಹಲಗೆಯ ಘೋಷಣೆಯಾಯಿತು: ೩೦೮ ಗ್ರಾಂ, ೭.೯ ಅಂಗುಲ. ಅದನ್ನು ಎಲ್ಲರೂ ನಿರೀಕ್ಷಿಸಿದ್ದರು. ನನ್ನಂಥವರು ನಿರೀಕ್ಷಿಸದೆ ಇದ್ದದ್ದು ಇನ್ನೊಂದು: ನಾಲ್ಕನೆಯ ಐಪ್ಯಾಡ್ ಕೂಡ ಅಂದೇ ಬಂತು. ಮೂರನೆಯದರ ಮಾರಾಟ ಅಂದೇ ನಿಂತಿತು. ಅಮೆರಿಕದ ಅಂಗಡಿಗೆ ಬಂದ ದಿನದಿಂದ ಎಣಿಸಿದರೆ ಅದರ ಆಯುಸ್ಸು ೨೨೧ ದಿನ. ನಮ್ಮಲ್ಲಿ ಆರು ತಿಂಗಳೂ ತುಂಬಿರಲಿಲ್ಲ.

ಆದರೆ ಎರಡನೆಯದು? ಅದು ಹೋಗಲಿಲ್ಲ. ಅದೇ ಅಂಗಡಿಯಲ್ಲಿ, ಅದೇ ೩೯೯ ಡಾಲರಿನ ಬೆಲೆಯಲ್ಲಿ, ಏನೂ ಆಗಿಲ್ಲವೆಂಬಂತೆ ನಿಂತಿತ್ತು. ೨೦೧೪ರ ಮಾರ್ಚಿಯವರೆಗೂ, ಒಟ್ಟು ಮೂರು ವರ್ಷ, ಅದು ಮಾರಾಟದಲ್ಲಿತ್ತು.

ಆ ರಾತ್ರಿ ನಾನು ಮೊದಲ ಬಾರಿಗೆ ಸರಿಯಾದ ಪ್ರಶ್ನೆಯನ್ನು ಕೇಳಿಕೊಂಡೆ: ತಂದೆಯವರು ಓದುವ ಅಕ್ಷರ ಎಷ್ಟು ದೊಡ್ಡದು? ಹತ್ತು ಪಾಯಿಂಟಿನದಲ್ಲ. ಈಗ ಒಂದಂಗುಲಕ್ಕೆ ಕಡಮೆಯಾದುದು ಅವರಿಗೆ ಕಾಣದು. ಫೆಬ್ರವರಿಯಲ್ಲಿಯೂ ಅರ್ಧ ಅಂಗುಲ ಬೇಕಾಗಿತ್ತು. ನಾನು ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದು ಅಂಗುಲಕ್ಕೆ ೩೦೦ ಚುಕ್ಕೆಯಂತೆ. ಹಾಗಾದರೆ ಹತ್ತು ಪಾಯಿಂಟಿನ ಒಂದು ಅಕ್ಷರದ ಎತ್ತರಕ್ಕೆ ಸಿಕ್ಕಿದ್ದು ನಲವತ್ತೊಂದು ನಲವತ್ತೆರಡು ಚುಕ್ಕೆ. ಅದನ್ನು ಅಂಗುಲದ ಎತ್ತರಕ್ಕೆ ಹಿಗ್ಗಿಸಿದರೆ ಆ ನಲವತ್ತೆರಡನ್ನೇ ಪರದೆ ಹರಡಬೇಕು. ಹಳೆಯ ಪರದೆಯಲ್ಲಿ ಅದಕ್ಕೆ ೧೩೨ ಚುಕ್ಕೆಗಳ ಸ್ಥಳವಿದೆ. ಹೊಸದರಲ್ಲಿ ೨೬೪ ಇರಬಹುದು; ಆದರೆ ಹೆಚ್ಚಿನವು ತೋರಿಸಲು ಏನೂ ಇಲ್ಲದೆ ಕುಳಿತಿರುತ್ತವೆ. ಇಲ್ಲದ ವಿವರವನ್ನು ಯಾವ ಪರದೆಯೂ ಹುಟ್ಟಿಸಲಾರದು. ನಾಲ್ಕು ಪಟ್ಟು ಚುಕ್ಕೆಗಳಿಂದ ಲಾಭವಿದ್ದದ್ದು ಸಣ್ಣ ಅಕ್ಷರ ಓದುವ ಕಣ್ಣಿಗೆ, ಎಂದರೆ ನನ್ನ ಕಣ್ಣಿಗೆ. ಅಷ್ಟು ತಿಂಗಳು ನಾನು ತಂದೆಯವರ ಹೆಸರಿನಲ್ಲಿ ನನಗಾಗಿ ಒಂದು ಹಲಗೆಯನ್ನು ಆರಿಸುತ್ತಿದ್ದೆ. ಚಿಕ್ಕದರ ಗತಿಯೂ ಅಷ್ಟೆ: ಪರದೆ ಕಿರಿದಾದರೆ ಅಂಗುಲದ ಅಕ್ಷರಗಳು ಒಂದು ಸಾಲಿಗೆ ಇನ್ನೂ ಕಡಮೆ ಹಿಡಿಸುತ್ತವೆ.

ದೀಪಾವಳಿಯ ಹಿಂದಿನ ವಾರ ಹುಬ್ಬಳ್ಳಿಗೆ ಹೋಗಿ ಎರಡನೆಯ ಐಪ್ಯಾಡನ್ನು ಕೊಂಡುತಂದೆ. ಫೆಬ್ರವರಿಯಲ್ಲಿ ಕೊಳ್ಳಬೇಕೆಂದು ಹೊರಟಿದ್ದದ್ದು ಅದೇ ವಸ್ತು. ಬಣ್ಣ ಕೂಡ ಅದೇ.

ಬಿಳಿಯ ಹಾಳೆಯ ಬೆಳಕು ಅವರ ಕಣ್ಣನ್ನು ಕುಕ್ಕುತ್ತಿತ್ತು. ಹುಡುಕಿದಾಗ, ಬಣ್ಣಗಳನ್ನು ತಿರುವುಮುರುವು ಮಾಡುವ ಏರ್ಪಾಡೊಂದು ಅದರಲ್ಲಿ ಸಿಕ್ಕಿತು. ಒತ್ತಿದೊಡನೆ ಪುಟವೆಲ್ಲ ಕಪ್ಪಾಗಿ ಅಕ್ಷರ ಬಿಳಿಯಾಯಿತು. ತಂದೆಯವರು ಅದನ್ನು ಮುಖದ ಒಂದು ಪಕ್ಕಕ್ಕೆ ಹಿಡಿದು (ನಡುವಿನ ದೃಷ್ಟಿ ಹೋದವರು ಹಾಗೆ ಓರೆಯಾಗಿ ನೋಡಲು ಕಲಿಯುತ್ತಾರೆ) ಸ್ವಲ್ಪ ಹೊತ್ತು ಸುಮ್ಮನಿದ್ದು, ನಕ್ಕು, "ಇದು ಕಡತ ಅಲ್ಲೇನೋ!" ಎಂದರು.

ಈಗಿನ ಓದುಗರಲ್ಲಿ ಕಡತವನ್ನು ಕಂಡವರು ಕಡಮೆ. ಬಟ್ಟೆಗೆ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಶಾನುಭೋಗರ ಲೆಕ್ಕ, ಮಠಗಳ ದಾಖಲೆ ಅದರಲ್ಲಿರುತ್ತಿದ್ದುವು. ಬೇಡವೆಂದರೆ ಒರೆಸಿ ಮತ್ತೆ ಬರೆಯಬಹುದು. ತಂದೆಯವರ ಅಜ್ಜನ ಮನೆಯಲ್ಲಿ ಒಂದಿತ್ತಂತೆ. ನಾನು ಚುಕ್ಕೆ ಎಣಿಸುತ್ತ ಹೊಸದು ಹಳೆಯದೆಂದು ತೊಳಲುತ್ತಿದ್ದಾಗ, ಅವರಿಗೆ ಅದರಲ್ಲಿ ಕಂಡದ್ದು ಎಲ್ಲಕ್ಕಿಂತ ಹಳೆಯದು.

ಪರದೆಯ ಮೇಲೆ ಒಂದು ಬಾರಿಗೆ ನಾಲ್ಕೈದು ಅಕ್ಷರ ಹಿಡಿಸುತ್ತಿತ್ತು. ಬೆರಳಿನಿಂದ ಸರಿಸುತ್ತ ಸರಿಸುತ್ತ ದಿನಕ್ಕೆ ಐದು ಷಟ್ಪದಿ ಓದುತ್ತಿದ್ದರು. ಕೆಲವು ದಿನ ಅದೂ ಇಲ್ಲ. ೨೦೧೫ರ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ಓದು ಉದ್ಯೋಗಪರ್ವಕ್ಕೆ ಬಂದಿತ್ತು. ಯುದ್ಧ ಇನ್ನೂ ಮೊದಲಾಗಿರಲಿಲ್ಲ.

* * *

ಹಾಗಾದರೆ ಯಾವಾಗಲೂ ಹಳೆಯದನ್ನೇ ಕೊಳ್ಳಬೇಕೆಂದು ಈ ಕಥೆಯ ಸಾರವೆ? ಅಲ್ಲ. ಆ ತಪ್ಪಿಗೆ ವಾಚಕರನ್ನು ನೂಕಲು ನನಗೆ ಇಷ್ಟವಿಲ್ಲ.

ಇಂಥ ಯಂತ್ರಕ್ಕೆ ಮೂರು ವಯಸ್ಸುಗಳಿವೆ. ಮೊದಲನೆಯದು ಮೈಯ ವಯಸ್ಸು: ಗಾಜು, ತಗಡು, ಗುಂಡಿ. ಇದು ಜೋಪಾನ ಮಾಡಿದರೆ ಬಹಳ ಕಾಲ ಬರುತ್ತದೆ. ಎರಡನೆಯದು ಬ್ಯಾಟರಿಯ ವಯಸ್ಸು. ಲಿಥಿಯಂ ಬ್ಯಾಟರಿ ತುಂಬಿ ಬರಿದಾದ ಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ಸೊರಗುತ್ತದೆ. ಬಳಸದೆ ಇಟ್ಟರೂ ಸೊರಗುತ್ತದೆ. ಆದ್ದರಿಂದ ಕಪಾಟಿನಲ್ಲಿ ಎರಡು ವರ್ಷ ಮಲಗಿದ್ದ "ಹೊಚ್ಚಹೊಸ" ಹಳೆಯ ಮಾದರಿ ಪೂರ್ತಿ ಹೊಸದಲ್ಲ. ಮೂರನೆಯದು ತಂತ್ರಾಂಶದ ವಯಸ್ಸು. ಕಂಪೆನಿ ಎಷ್ಟು ವರ್ಷ ಹೊಸ ಆವೃತ್ತಿಯನ್ನೂ ರಕ್ಷಣೆಯ ತಿದ್ದುಪಡಿಗಳನ್ನೂ ಕಳಿಸುತ್ತದೆ ಎಂಬುದು ಅದು. ಈ ವಯಸ್ಸು ನಾವು ಕೊಂಡ ದಿನದಿಂದ ಮೊದಲಾಗುವುದಿಲ್ಲ; ಆ ಮಾದರಿ ಹುಟ್ಟಿದ ದಿನದಿಂದ ಮೊದಲಾಗುತ್ತದೆ. ಹಳೆಯ ಮಾದರಿಯನ್ನು ಅಗ್ಗಕ್ಕೆ ಕೊಂಡವನು ಕೊಳ್ಳುವಾಗಲೇ ಅದರ ಕೆಲವು ವರ್ಷಗಳನ್ನು ಕಳೆದುಕೊಂಡಿರುತ್ತಾನೆ. ಬೆಲೆಯ ಇಳಿತ ಆ ವರ್ಷಗಳ ಬೆಲೆ. ಈಗ ಕೆಲವು ತಯಾರಕರು ತಮ್ಮ ಮೇಲ್ತರದ ಮಾದರಿಗಳಿಗೆ ಏಳು ವರ್ಷಗಳ ಮಾತು ಕೊಡುತ್ತಿದ್ದಾರೆ. ಆದುದರಿಂದ ಎರಡರ ಬೆಲೆಯನ್ನೂ ಉಳಿದಿರುವ ವರ್ಷಗಳಿಂದ ಭಾಗಿಸಿ ನೋಡುವುದು ಒಳ್ಳೆಯದು. ಎಷ್ಟೋ ವೇಳೆ ಅಗ್ಗವೆಂದು ಕಂಡದ್ದೇ ದುಬಾರಿಯೆಂದು ತಿಳಿಯುತ್ತದೆ.

ಆದರೆ ಹೊಸದು ಎಂಬ ಹೆಸರು ಮಾತ್ರದಿಂದ ಹೆಚ್ಚು ವರ್ಷ ಸಿಕ್ಕುವುದೆಂದೂ ಇಲ್ಲ. ನನ್ನ ಎರಡನೆಯದರ ಮತ್ತು ನಾನು ಬಯಸಿದ್ದ ಮೂರನೆಯದರ ಕಥೆಯನ್ನೇ ನೋಡಿ. ೨೦೧೬ರ ಸೆಪ್ಟೆಂಬರಿನಲ್ಲಿ ಆಪಲ್ಲಿನ ಹತ್ತನೆಯ ಆವೃತ್ತಿಯ ತಂತ್ರಾಂಶ ಬಂದಾಗ ಎರಡನ್ನೂ ಒಟ್ಟಿಗೇ ಹೊರಗಿಟ್ಟರು. ನಾಲ್ಕನೆಯದು ಒಳಗೆ ಉಳಿಯಿತು. ಕಾರಣ ಸುಲಭ: ಎರಡನೆಯದರ ಮತ್ತು ಮೂರನೆಯದರ ಸಂಸ್ಕಾರಕ, ಎಂದರೆ ಪ್ರೊಸೆಸರ್, ಒಂದೇ ಮನೆತನದ್ದು. ಮೂರನೆಯದರಲ್ಲಿ ಚಿತ್ರ ಬಿಡಿಸುವ ಭಾಗ ಬೆಳೆದಿತ್ತು, ನೆನಪಿನ ಭಾಗ ಇಮ್ಮಡಿಯಾಗಿತ್ತು. ಎಣಿಕೆ ಮಾಡುವ ಮಿದುಳು ಹಳೆಯದೇ. ಪರದೆಯ ಹೊಳಪನ್ನು ನೋಡಿ ಹೊಸತನವನ್ನು ಅಳೆದವರು ಮೋಸಹೋದರು. ಹೊಸದು ಎಲ್ಲಿ ಹೊಸದು, ಮೈಯಲ್ಲೋ ಮಿದುಳಿನಲ್ಲೋ ಎಂದು ಕೇಳಿದವರಿಗೆ ಮಾತ್ರ ಸರಿಯಾದ ಉತ್ತರ ದೊರೆಯುತ್ತಿತ್ತು.

ನನ್ನ ವಿದ್ಯಾರ್ಥಿನಿಗೆ ನಾನು ಕೇಳಿದ್ದು ಎರಡೇ ಪ್ರಶ್ನೆ. "ಇದರಿಂದ ನಿನಗೆ ಆಗಬೇಕಾದ ಕೆಲಸವೇನು?" ಶಾಸನಗಳ ಛಾಯಾಚಿತ್ರಗಳನ್ನು ಹಿಗ್ಗಿಸಿ, ಅಕ್ಷರಗಳ ಮೇಲೆ ಲೇಖನಿಯಿಂದ ಗುರುತು ಮಾಡಿಕೊಂಡು ಓದಬೇಕು ಎಂದಳು. ಸವೆದ ಕಲ್ಲಿನ ಚಿತ್ರಗಳು. ಅದರಲ್ಲಿ ನೆರಳಿನ ಎಳೆಯೂ ಮುಖ್ಯ. "ಎಷ್ಟು ವರ್ಷ ಬೇಕು?" ಪ್ರಬಂಧ ಮುಗಿಯಲು ನಾಲ್ಕು, ಅದರಾಚೆಗೆ ಅದೇ ಕೆಲಸ ಮುಂದುವರಿಸುವ ಆಸೆ. ಹಾಗಾದರೆ ಹೊಸದನ್ನೇ ಕೊಳ್ಳು ಎಂದೆ. ಆಕೆಯ ಚಿತ್ರಗಳಲ್ಲಿ ನಿಜವಾದ ವಿವರವಿದೆ, ಅದನ್ನು ತೋರಿಸುವ ಪರದೆಗೆ ಕೊಟ್ಟ ಹಣ ವ್ಯರ್ಥವಲ್ಲ. ವರ್ಷಗಳೂ ಬೇಕು. ತಂದೆಯವರ ವಿಷಯದಲ್ಲಿ ಈ ಎರಡಕ್ಕೂ ಉತ್ತರ ಬೇರೆಯಾಗಿತ್ತು.

"ಮುಂದಿನ ವರ್ಷ ಇನ್ನೂ ಒಳ್ಳೆಯದು ಬಂದರೆ?" ಎಂದಳು.

"ಬಂದೇ ಬರುತ್ತದೆ. ಅದನ್ನು ಮುಂದಿನ ವರ್ಷ ಕೊಳ್ಳುವವರು ಕೊಳ್ಳುತ್ತಾರೆ. ನೀನು ಕೊಳ್ಳುವುದಾದರೆ ಈ ವಾರ ಕೊಳ್ಳು. ಕೆಲಸ ಕಾಯುವಂಥದಾದರೆ ಕಾಯಬಹುದು. ನಿನ್ನ ಊರಿನ ಕಲ್ಲುಗಳು ಮಳೆಯಲ್ಲಿ ನಿಂತಿವೆ ಎಂದು ನೀನೇ ಹೇಳಿದೆಯಲ್ಲ."

ಹೊರಡುವಾಗ ಆಕೆ ಮೇಜಿನ ಮೇಲಿದ್ದ ಹಳೆಯ ಹಲಗೆಯನ್ನು ನೋಡಬಹುದೆ ಎಂದು ಕೇಳಿದಳು. ತೆರೆದು ತೋರಿಸಿದೆ. ಈಗಿನ ಜಾಲತಾಣಗಳು ಅದರಲ್ಲಿ ಸರಿಯಾಗಿ ತೆರೆಯುವುದಿಲ್ಲ. ಬ್ಯಾಟರಿ ಎರಡು ಗಂಟೆ ನಿಂತರೆ ಹೆಚ್ಚು. ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ಮುಟ್ಟುವುದು ಕ್ಷೇಮವೂ ಅಲ್ಲ, ಸಾಧ್ಯವೂ ಇಲ್ಲ. ಆದರೆ ಆ ಒಂದು ಪುಸ್ತಕ ಅದರಲ್ಲಿ ಇದೆ, ಕಪ್ಪು ಪುಟದ ಮೇಲೆ ಬಿಳಿಯ ಅಕ್ಷರ. ನಿವೃತ್ತನಾದ ಮೇಲೆ, ತಂದೆಯವರು ನಿಂತಲ್ಲಿಂದ ನಾನು ಮುಂದಕ್ಕೆ ಓದುತ್ತಿದ್ದೇನೆ. ದಿನಕ್ಕೆ ಐದೇ ಷಟ್ಪದಿ. ಈಗ ಕರ್ಣಪರ್ವದಲ್ಲಿದ್ದೇನೆ.

ಬುಧವಾರ ಸಂಜೆ ಆಕೆಯ ಸುದ್ದಿ ಬಂತು: "ಕೊ೦ಡೆ ಸರ್. ನಾಳೆಯಿಂದಲೇ ಕೆಲಸಕ್ಕೆ ಕೂಡುತ್ತೇನೆ." ಯಾವುದನ್ನು ಕೊಂಡಳೆಂದು ಬರೆದಿರಲಿಲ್ಲ. ನಾನೂ ಕೇಳಲಿಲ್ಲ.